22 ತಿಂಗಳ ಮಗು, ಮಾತು ಐದಾರೇ: ಅಸೆಸ್‌ಮೆಂಟ್‌ಗೆ ಹೋಗುವ ಮುಂಚೆ ಏನೇನು ತಿಳಿದಿರಬೇಕು?

ಹೊಂಗೆನೆರಳು:

ಮಗನಿಗೆ 22 ತಿಂಗಳು. ಅವಧಿ ತುಂಬಿಯೇ ಹುಟ್ಟಿದ್ದು, ನಡಿಗೆಯೆಲ್ಲ ಸಮಯಕ್ಕೆ ಸರಿಯಾಗಿ ಬಂತು. ಮಾತು ಮಾತ್ರ ಅಮ್ಮ, ಪಪ್ಪ, ಬಾ, ಟಾಟಾ, ಭೌ, ಇಷ್ಟಕ್ಕೇ ನಿಂತಿದೆ. ಏನಾದರೂ ಬೇಕಿದ್ದರೆ ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ ಅಂತ ನಮ್ಮ ಲೆಕ್ಕ. ಮನೆಯಲ್ಲಿ ಎರಡು ಭಾಷೆ ನಡೆಯುತ್ತದೆ. ಮಕ್ಕಳ ಡಾಕ್ಟರು ಸ್ಪೀಚ್ ಅಸೆಸ್‌ಮೆಂಟ್ ಜೊತೆಗೆ ಕಿವಿ ಪರೀಕ್ಷೆಗೂ ಬರೆದುಕೊಟ್ಟಿದ್ದಾರೆ. ಹುಟ್ಟಿದಾಗಲೇ ಕಿವಿ ಸ್ಕ್ರೀನಿಂಗ್ ಪಾಸ್ ಆಗಿದೆ, ಮತ್ತೆ ಯಾಕೆ? ಎರಡು ವರ್ಷ ತುಂಬುವ ತನಕ ಕಾಯಬಹುದಾ? ಅಲ್ಲಿ ಏನು ಮಾಡುತ್ತಾರೆ, ನಾವು ಏನು ತಯಾರಿ ಮಾಡಿಕೊಂಡು ಹೋಗಬೇಕು? ಎರಡು ಭಾಷೆ ಕೇಳಿಸಿದ್ದರಿಂದಲೇ ಗೊಂದಲವಾಗಿದೆ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ, ಅದು ನಿಜವಾ?

ತೊದಲ್ನುಡಿ:

ಕಾಯಬೇಡಿ. ಎರಡು ವರ್ಷಕ್ಕೆ 50 ಪದಕ್ಕಿಂತ ಕಡಿಮೆ ಇದ್ದರೆ, ಅಥವಾ 'ಅಮ್ಮ ಬಾ', 'ಹಾಲು ಬೇಡ' ಥರ ಎರಡು ಪದ ಜೋಡಿಸುವುದು ಇನ್ನೂ ಶುರುವಾಗದಿದ್ದರೆ ಮಾತು ತಡ ಅಂತ ಹಿಡಿಯುತ್ತಾರೆ. ಐದಾರು ಪದದಿಂದ ಎರಡು ತಿಂಗಳಲ್ಲಿ ಅಲ್ಲಿಗೆ ಮುಟ್ಟುವ ಮಕ್ಕಳೂ ಇದ್ದಾರೆ, ಆದರೆ ನಿಮ್ಮವನು ಅವರಲ್ಲಿ ಒಬ್ಬನೋ ಅಲ್ಲವೋ ಅಂತ ಹೊರಗಿನಿಂದ ನೋಡಿ ಹೇಳುವುದಕ್ಕೆ ಬರುವುದಿಲ್ಲ. ತಡವಾಗಿ ಮಾತು ಬರುವ ಮಕ್ಕಳಲ್ಲಿ ಬಹಳಷ್ಟು ಜನ ತಾವಾಗಿಯೇ ಸರಿಹೋಗುತ್ತಾರೆ ಅನ್ನುವುದು ನಿಜ. 'ಅವರಪ್ಪನೂ ಮೂರು ವರ್ಷಕ್ಕೆ ಮಾತಾಡಿದ್ದು' ಅನ್ನುವ ಸಮಾಧಾನ ಹುಟ್ಟುವುದು ಅಲ್ಲಿಂದಲೇ. ಆದರೆ ಮನೆತನದಲ್ಲಿ ಮಾತು ತಡವಾದ ಇತಿಹಾಸವಿದ್ದರೆ ಅಪಾಯ ಹೆಚ್ಚು ಅಂತಲೇ ಲೆಕ್ಕ ಹಾಕುವುದು. ಗಂಡುಮಕ್ಕಳು ತಡ ಅನ್ನುವುದರಲ್ಲೂ ಸರಾಸರಿ ವ್ಯತ್ಯಾಸ ಒಂದೆರಡು ತಿಂಗಳಿನದು, ಅಷ್ಟೇ.

ಪದ ಎಣಿಸುವಾಗ ಹೆಚ್ಚಿನ ಮನೆಗಳಲ್ಲಿ ಲೆಕ್ಕ ತಪ್ಪುತ್ತದೆ, ಎರಡೂ ಕಡೆಗೆ. ಸ್ಪಷ್ಟವಾಗಿಲ್ಲ ಅಂತ ಬಿಟ್ಟುಬಿಡುವವರು ಒಂದು ಕಡೆ. ನೀರಿಗೆ ಪ್ರತಿಸಲವೂ 'ನೀ' ಅಂದರೆ ಅದು ಒಂದು ಪದ. ಹಸುವಿಗೆ 'ಅಂಬಾ', ನಾಯಿಗೆ 'ಭೌ' ಅಂದರೂ ಪದವೇ. ಇನ್ನೊಂದು ಕಡೆ, ನೀವು 'ಚೆಂಡು ಅನ್ನು' ಅಂದಾಗ ಒಂದು ಸಲ 'ಚೆಂ' ಅಂದು ಮತ್ತೆಂದೂ ಅನ್ನದಿದ್ದರೆ ಅದನ್ನು ಸೇರಿಸುವ ಹಾಗಿಲ್ಲ. ಯಾರೂ ಹೇಳಿಕೊಡದೆ, ಒಂದೇ ಅರ್ಥಕ್ಕೆ, ಬೇರೆ ಬೇರೆ ಸಂದರ್ಭದಲ್ಲಿ ಬರಬೇಕು. 'ಬೇಡಪ್ಪಾ' ಅಂತ ಇಡಿಯಾಗಿ ಕಲಿತದ್ದು ಎರಡಲ್ಲ, ಒಂದೇ. ಎರಡು ಭಾಷೆಯ ಪದಗಳನ್ನು ಕೂಡಿಸಿಯೇ ಎಣಿಸಿ.

ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಒಂದನ್ನು ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ನಿಲ್ಲಿಸಬೇಡಿ. ಅಜ್ಜಿ-ತಾತ ತಮಗೆ ಸಲೀಸಾದ ಭಾಷೆ ಬಿಟ್ಟು ಬರದ ಭಾಷೆಯಲ್ಲಿ ಮಾತಾಡುವುದಕ್ಕೆ ಹೋದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ.

ಇನ್ನು ನಿಮ್ಮ ಬರಹದಲ್ಲಿ ಪದದ ಲೆಕ್ಕಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು 'ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ' ಅನ್ನುವುದು. ಎಳೆಯುವಾಗ ನಿಮ್ಮ ಮುಖ ನೋಡುತ್ತಾನಾ? ತೋರುಬೆರಳು ಚಾಚಿ ತೋರಿಸುತ್ತಾನಾ? ಬೇಕು ಅಂತ ತೋರಿಸುವುದು ಒಂದು, ಆಕಾಶದಲ್ಲಿ ವಿಮಾನ ಕಂಡು 'ನೀನೂ ನೋಡು' ಅಂತ ತೋರಿಸಿ ನಿಮ್ಮ ಕಡೆ ತಿರುಗುವುದು ಇನ್ನೊಂದು. ಎರಡನೆಯದು ಇದೆಯಾ ಅಂತ ಗಮನಿಸಿ ಬರೆದಿಟ್ಟುಕೊಳ್ಳಿ, ಅದನ್ನು ಖಂಡಿತ ಕೇಳುತ್ತಾರೆ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಅನ್ನುವ 20 ಪ್ರಶ್ನೆಗಳ ಪಟ್ಟಿಯನ್ನೂ ತುಂಬಿಸಬಹುದು. ಗಾಬರಿ ಬೇಡ, ಅದು ಆಟಿಸಂ ಇದೆ ಅಂತ ತೀರ್ಮಾನಿಸುವ ಪರೀಕ್ಷೆಯಲ್ಲ, ಜರಡಿ ಹಿಡಿಯುವುದು ಅಷ್ಟೇ. 0ಯಿಂದ 2 ಬಂದರೆ ಅಪಾಯ ಕಡಿಮೆ, 3ರಿಂದ 7 ಬಂದರೆ ಅದೇ ಪ್ರಶ್ನೆಗಳನ್ನು ಬಿಡಿಸಿ ಕೇಳುವ ಎರಡನೇ ಸುತ್ತು, 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರವಾಗಿ ಮುಂದಿನ ತಪಾಸಣೆಗೆ. ಕಡಿಮೆ ಅಂಕ ಬಂದರೂ ನಿಮ್ಮವನಿಗೆ ಎರಡು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಬೇಕು.

ಬರುತ್ತಿದ್ದ ಮಾತು ಅಥವಾ ಕಣ್ಣೋಟ, ನಗು, ಟಾಟಾ ಮಾಡುವುದು ನಿಂತುಹೋಗಿದ್ದರೆ ಮಾತ್ರ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ.

ಕಿವಿಮಾತು:

ಕಿವಿ ವಿಷಯಕ್ಕೆ ನಾನು ಬರುತ್ತೇನೆ. ಹುಟ್ಟಿದಾಗಿನ ಪಾಸ್ ಅಂದರೆ ಆ ದಿನಕ್ಕೆ ಪಾಸ್. ಆಮೇಲೆ ಶುರುವಾಗುವ ಶ್ರವಣದೋಷ ಇದೆ, ನೆಗಡಿಯಾದಾಗಲೆಲ್ಲ ಕಿವಿತಮಟೆಯ ಹಿಂದೆ ನೀರು ನಿಲ್ಲುವುದಿದೆ, ಸ್ಕ್ರೀನಿಂಗ್ ಯಂತ್ರದ ಬಲೆಗೆ ಬೀಳದಷ್ಟು ಸಣ್ಣ ನಷ್ಟವೂ ಇದೆ. ಬಾಗಿಲು ದಡಾರನೆ ಬಡಿದರೆ ಬೆಚ್ಚುತ್ತಾನೆ, ಹಾಡು ಹಾಕಿದರೆ ಕುಣಿಯುತ್ತಾನೆ, ಹಾಗಾಗಿ ಕಿವಿ ಸರಿ ಇದೆ ಅನ್ನುವುದು ಪುರಾವೆಯಲ್ಲ. ಬಾಗಿಲ ಸದ್ದು ದಪ್ಪ ದನಿಯದು. 'ಸ', 'ಶ'ದಂಥ ವ್ಯಂಜನಗಳ ಸದ್ದು ಸಣ್ಣ, ತೀಕ್ಷ್ಣ. ಆ ಮೇಲಿನ ಸ್ತರದಲ್ಲಷ್ಟೇ ಕೇಳಿಸದ ಮಗು ಹೆಸರು ಕರೆದರೆ ತಿರುಗುತ್ತದೆ, ಮಾತಿನ ಅರ್ಧ ಮಾತ್ರ ಅದಕ್ಕೆ ಸಿಗುತ್ತಿರುತ್ತದೆ.

ಏನೇನು ಪರೀಕ್ಷೆ ಬರಬಹುದು ಅಂದರೆ:

ಟಿಂಪನೊಮೆಟ್ರಿ. ಕಿವಿಗೆ ಮೆತ್ತನೆಯ ತುದಿ ಇಟ್ಟು ಗಾಳಿಯ ಒತ್ತಡ ಬದಲಿಸಿ ಕಿವಿತಮಟೆ ಅಲುಗುತ್ತದಾ ನೋಡುವುದು. ಕೆಲವೇ ಸೆಕೆಂಡು. ಗ್ರಾಫ್ ಚಪ್ಪಟೆ ಬಂದರೆ, ಅಂದರೆ 'ಬಿ' ಟೈಪ್, ಸಾಮಾನ್ಯವಾಗಿ ಹಿಂದೆ ನೀರು ನಿಂತಿದೆ ಅಂತ. ಆದರೆ ಅದರ ಪಕ್ಕದಲ್ಲಿರುವ ಕಿವಿನಾಳದ ಗಾತ್ರದ ಅಂಕಿಯನ್ನೂ ನೋಡಬೇಕು. ಅದು ತೀರಾ ಸಣ್ಣದಿದ್ದರೆ ಗುಗ್ಗೆ ಅಡ್ಡ ಇರಬಹುದು ಅಥವಾ ತುದಿ ಕಿವಿಯ ಗೋಡೆಗೆ ಒತ್ತಿಕೊಂಡಿರಬಹುದು, ತೀರಾ ದೊಡ್ಡದಿದ್ದರೆ ತಮಟೆಯಲ್ಲಿ ತೂತು ಇರಬಹುದು.

ಓಎಇ. ಒಳಗಿವಿಯ ಕೂದಲುಕೋಶಗಳು ಸದ್ದಿಗೆ ತಿರುಗಿ ಕೊಡುವ ಸಣ್ಣ ಪ್ರತಿಧ್ವನಿಯನ್ನು ಅಳೆಯುವುದು. ಮಗು ಅತ್ತರೆ, ಮಾತಾಡಿದರೆ, ಚೀಪಿದರೆ ಕೆಡುತ್ತದೆ. ನೀರು ನಿಂತಿದ್ದರೂ 'ರೆಫರ್' ಬರುತ್ತದೆ. ಆ 'ರೆಫರ್' ಅಂದರೆ ಕಿವುಡು ಅಂತಲ್ಲ, ಮುಂದಿನ ಪರೀಕ್ಷೆ ಬೇಕು ಅಂತ. ತಿರುಗಾಮುರುಗಾ, ಓಎಇ ಪಾಸ್ ಆದರೂ ನರದ ದಾರಿಯಲ್ಲಿ ತೊಂದರೆ ಇರಬಹುದು, ಅದು ಇದಕ್ಕೆ ಕಾಣುವುದಿಲ್ಲ.

ಬೆರಾ. ಹಣೆಗೂ ಕಿವಿಯ ಹಿಂದೆಯೂ ಎಲೆಕ್ಟ್ರೋಡ್ ಅಂಟಿಸಿ, ಮಗು ನಿದ್ದೆಯಲ್ಲಿದ್ದಾಗ ನರದ ಪ್ರತಿಕ್ರಿಯೆ ದಾಖಲಿಸುವುದು. 'ಕ್ಲಿಕ್' ಸದ್ದಿನಿಂದ ಮಾತ್ರ ಮಾಡಿದ್ದರೆ ಅದು ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಜ್ ಆಸುಪಾಸಿನ, ಅಂದರೆ ತೀಕ್ಷ್ಣ ಸದ್ದುಗಳ ಶ್ರವಣವನ್ನು ಹೇಳುತ್ತದೆ. ಪೂರ್ತಿ ಚಿತ್ರ ಬೇಕಿದ್ದರೆ 'ಟೋನ್ ಬರ್ಸ್ಟ್', ಅಂದರೆ ದಪ್ಪ, ತೀಕ್ಷ್ಣ ಸ್ತರಗಳನ್ನು ಬೇರೆ ಬೇರೆಯಾಗಿ ನೋಡುವುದು, ಮಾಡುತ್ತೀರಾ ಅಂತ ಕೇಳಿ.

ಇನ್ನೊಂದು, ಈ ವಯಸ್ಸಿಗೆ ಹೇಳಿ ಮಾಡಿಸಿದ ಪರೀಕ್ಷೆ: ತೊಡೆಯ ಮೇಲೆ ಕೂರಿಸಿಕೊಂಡಿರುವಾಗ ಒಂದು ಪಕ್ಕದಿಂದ ಸದ್ದು ಬರುತ್ತದೆ, ಮಗು ಆ ಕಡೆ ತಿರುಗಿದರೆ ಡಬ್ಬದೊಳಗಿನ ಗೊಂಬೆ ಬೆಳಕಾಗಿ ಕುಣಿಯುತ್ತದೆ. ವಿಆರ್‌ಎ ಅನ್ನುತ್ತಾರೆ. ಇಲ್ಲಿ ತಪ್ಪು ಮಾಡುವುದು ಬಹುತೇಕ ತೊಡೆಯ ಮೇಲೆ ಕೂರಿಸಿಕೊಂಡವರೇ. ಸದ್ದು ಕೇಳಿದ ತಕ್ಷಣ ಅಮ್ಮನ ಉಸಿರು ಬದಲಾಗುತ್ತದೆ, ತೊಡೆ ಒಂಚೂರು ಬಿಗಿಯಾಗುತ್ತದೆ, ಕಣ್ಣು ಆ ಕಡೆ ಹೋಗುತ್ತದೆ. ಮಗುವಿಗೆ ಅಷ್ಟು ಸಾಕು, ತಿರುಗಿಬಿಡುತ್ತದೆ. ಸುಮ್ಮನೆ ನೇರ ನೋಡುತ್ತಾ ಕೂರಿ. ಸ್ಪೀಕರ್‌ನಿಂದ ಮಾಡಿದರೆ ಸಿಗುವುದು ಎರಡರಲ್ಲಿ ಚೆನ್ನಾಗಿರುವ ಕಿವಿಯ ಫಲಿತಾಂಶ. ಒಂದೇ ಕಿವಿಯ ದೋಷ ಹಾಗೇ ತಪ್ಪಿಸಿಕೊಳ್ಳಬಹುದು. ಇಯರ್‌ಫೋನ್ ಹಾಕಿಸಿಕೊಳ್ಳುವ ಮಗುವಾದರೆ ಎರಡನ್ನೂ ಬೇರೆ ಬೇರೆ ನೋಡಿಸಿ.

ಬೆರಾ ದಿನದ ತಯಾರಿ: ತಲೆಗೆ ಎಣ್ಣೆ, ಹಣೆಗೆ ಕ್ರೀಮ್ ಬೇಡ, ಎಲೆಕ್ಟ್ರೋಡ್ ನಿಲ್ಲುವುದಿಲ್ಲ. ಸಹಜ ನಿದ್ದೆಯಲ್ಲಿ ಮಾಡುವುದಾದರೆ ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಗಾಡಿಯೊಳಗೆ ನಿದ್ದೆಹೋಗದ ಹಾಗೆ ನೋಡಿಕೊಂಡು, ಹಾಲು ಅಲ್ಲೇ ಕುಡಿಸಿ ಮಲಗಿಸಿ. ದಾರಿಯಲ್ಲಿ ಹತ್ತು ನಿಮಿಷ ತೂಕಡಿಸಿಬಿಟ್ಟರೆ ಅಲ್ಲಿ ಕಣ್ಣು ಮುಚ್ಚುವುದೇ ಇಲ್ಲ. ಔಷಧಿ ಕೊಟ್ಟು ಮಲಗಿಸುವುದಾದರೆ ಲೆಕ್ಕ ಪೂರ್ತಿ ಬೇರೆ: ಎಷ್ಟು ಗಂಟೆ ಹೊಟ್ಟೆ ಖಾಲಿ ಇರಬೇಕು ಅಂತ ಅವರು ಹೇಳುತ್ತಾರೆ, ಆಗ ಹಾಲು ಕುಡಿಸಿದರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಯಾವ ಥರ ಅಂತ ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ನೆಗಡಿ ಇದ್ದರೆ ಫೋನ್‌ನಲ್ಲೇ ಹೇಳಿ, ಔಷಧಿ ಕೊಡುವ ಬೆರಾವನ್ನು ಮುಂದೂಡಬಹುದು.

ನವಜಾತ ಐಸಿಯುವಿನಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದದ್ದು, ರಕ್ತ ಬದಲಿಸುವಷ್ಟು ಕಾಮಾಲೆ, ಮೆದುಳುಜ್ವರ, ಜೆಂಟಾಮೈಸಿನ್ ಜಾತಿಯ ಇಂಜೆಕ್ಷನ್ ಹಲವು ದಿನ ತಗೊಂಡದ್ದು, ಮನೆತನದಲ್ಲಿ ಚಿಕ್ಕಂದಿನಿಂದ ಕಿವಿ ಕೇಳಿಸದವರಿರುವುದು, ಇವುಗಳಲ್ಲಿ ಯಾವುದಿದ್ದರೂ ಹೇಳಲೇಬೇಕು. ಡಿಸ್ಚಾರ್ಜ್ ಸಮ್ಮರಿ ತಗೊಂಡು ಹೋಗಿ.

ನಡುಮನೆ:

ವಿಡಿಯೊ ಬಗ್ಗೆ ಒಂದು ಮಾತು. ಹೊಸ ಕೋಣೆ, ಹೊಸ ಮುಖ ಕಂಡು ಅನೇಕ ಮಕ್ಕಳು ಅಲ್ಲಿ ಬಾಯೇ ಬಿಡುವುದಿಲ್ಲ. ಎರಡು ಮೂರು ನಿಮಿಷದ ನಾಲ್ಕು ತುಣುಕು ಸಾಕು: ಒಬ್ಬನೇ ಆಡುವಾಗ, ದೊಡ್ಡವರ ಜೊತೆ ಆಡುವಾಗ, ತಿನ್ನುವಾಗ, ಏನೋ ಬೇಕು ಅಂತ ಹಟ ಮಾಡುವಾಗ. ಫೋನನ್ನು ಅವನ ಕಣ್ಣಿನ ಮಟ್ಟಕ್ಕೆ ಎಲ್ಲಾದರೂ ಒರಗಿಸಿಟ್ಟು ಮರೆತುಬಿಡಿ, ಕೈಯಲ್ಲಿ ಹಿಡಿದರೆ ಅವನು ಫೋನನ್ನೇ ನೋಡುತ್ತಾನೆ. ಟಿವಿ, ಫ್ಯಾನಿನ ಸದ್ದು ಇಲ್ಲದಿರಲಿ. 'ಹೇಳು, ಇದೇನು ಹೇಳು' ಅಂತ ಹಿಂದಿನಿಂದ ಒತ್ತಾಯ ಮಾಡಿರುವ ವಿಡಿಯೊದಿಂದ ಏನೂ ತಿಳಿಯುವುದಿಲ್ಲ.

ತೊದಲ್ನುಡಿ:

ಸರಿಯಾಗಿ ಹೇಳಿದಿರಿ. ಇನ್ನು ಸ್ಪೀಚ್ ಅಸೆಸ್‌ಮೆಂಟ್ ಒಳಗೆ ಏನಾಗುತ್ತದೆ ಅನ್ನುವುದು. ಒಂದು ಗಂಟೆ ಹಿಡಿಯುತ್ತದೆ ಅಂದುಕೊಳ್ಳಿ. ಮೊದಲು ನಿಮ್ಮನ್ನು ಕೇಳುತ್ತಾರೆ: ಬಸಿರು, ಹೆರಿಗೆ, ಬಾ-ಬಾ ದಾ-ದಾ ಅನ್ನುವ ತೊದಲು ಯಾವಾಗ ಶುರುವಾಯಿತು, ಅಗಿದು ತಿನ್ನುತ್ತಾನಾ, ಜೊಲ್ಲು ಸುರಿಯುತ್ತದಾ, ದಿನಕ್ಕೆ ಸ್ಕ್ರೀನ್ ಎಷ್ಟು ಹೊತ್ತು. ಸ್ಕ್ರೀನ್ ಹೊತ್ತನ್ನು ಕಡಿಮೆ ಮಾಡಿ ಹೇಳುವುದರಿಂದ ಯಾರಿಗೂ ಲಾಭವಿಲ್ಲ.

ಆಮೇಲೆ ಆಟ. ನೋಡುವವರಿಗೆ ಇದೇನು ಸುಮ್ಮನೆ ಆಡಿಸುತ್ತಿದ್ದಾರೆ ಅನ್ನಿಸುತ್ತದೆ. ಬಿಗಿ ಮುಚ್ಚಳದ ಪಾರದರ್ಶಕ ಡಬ್ಬಿಯಲ್ಲಿ ಕಾರು ಹಾಕಿ ಮಗುವಿನ ಕೈಗೆ ಕೊಟ್ಟು ಸುಮ್ಮನಾಗುತ್ತಾರೆ. ಗುಳ್ಳೆ ಒಂದು ಸಲ ಊದಿ, ಬಾಟಲಿ ಮುಚ್ಚಿ ಮಗುವಿನ ಮುಖ ನೋಡುತ್ತಾರೆ. ಈಗ ಅವನು ಏನು ಮಾಡುತ್ತಾನೆ ಅನ್ನುವುದೇ ಪರೀಕ್ಷೆ: ಡಬ್ಬಿ ಕೊಟ್ಟು ಕಣ್ಣು ನೋಡುತ್ತಾನಾ, ಸದ್ದು ಮಾಡುತ್ತಾನಾ, ತೋರಿಸುತ್ತಾನಾ, ಅಥವಾ ಡಬ್ಬಿ ಎಸೆದು ಹೊರಟುಹೋಗುತ್ತಾನಾ. ಈ ಹೊತ್ತಿನಲ್ಲಿ ನೀವು 'ಆಂಟಿಗೆ ಓಪನ್ ಅನ್ನು ಪುಟ್ಟಾ' ಅಂದರೆ ಅಷ್ಟೂ ಹೊತ್ತು ಕಾದದ್ದು ಹಾಳು. ಗೊಂಬೆಗೆ ಚಮಚದಲ್ಲಿ ತಿನ್ನಿಸುವ ಹಾಗೆ ಆಡುತ್ತಾನಾ, ಕಾರನ್ನು ಓಡಿಸುತ್ತಾನಾ ಇಲ್ಲ ಬರೀ ಚಕ್ರ ತಿರುಗಿಸುತ್ತಾ ಕೂರುತ್ತಾನಾ, ಅನುಕರಣೆ ಮಾಡುತ್ತಾನಾ, ಯಾವ ಯಾವ ವ್ಯಂಜನ ಬರುತ್ತವೆ ಅಂತಲೂ ಬರೆದುಕೊಳ್ಳುತ್ತಾರೆ.

ಅರ್ಥವಾಗುತ್ತದೆ ಅಂತ ನಮ್ಮ ಲೆಕ್ಕ ಅಂದಿರಲ್ಲ, ಅದನ್ನು ಮನೆಯಲ್ಲೇ ಒಮ್ಮೆ ಪರೀಕ್ಷಿಸಿ. ಟವೆಲ್ ಹಿಡಿದು 'ಸ್ನಾನಕ್ಕೆ ಬಾ' ಅಂದಾಗ ಬರುವುದು ಟವೆಲ್ ನೋಡಿ. ಕೈ ಚಾಚಿ 'ಕೊಡು' ಅಂದಾಗ ಕೊಡುವುದು ಕೈ ನೋಡಿ. ಚೆಂಡು, ಚಮಚ, ಚಪ್ಪಲಿ ಮೂರನ್ನು ನೆಲದ ಮೇಲೆ ದೂರ ದೂರ ಇಡಿ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ವಸ್ತುವಿನ ಕಡೆ ಕಣ್ಣೂ ಹೋಗದ ಹಾಗೆ ಅವನ ಮುಖವನ್ನೇ ನೋಡುತ್ತಾ 'ಚಮಚ ಎಲ್ಲಿ?' ಅನ್ನಿ. ಜಾಗ ಬದಲಿಸಿ ಮತ್ತೆ ಕೇಳಿ. ಸನ್ನೆಯಿಲ್ಲದ ಇಂಥ ಒಂದು ಹಂತದ ಮಾತು 18 ತಿಂಗಳ ಹೊತ್ತಿಗೇ ತಿಳಿಯಬೇಕು. ಎರಡರ ಆಸುಪಾಸಿಗೆ 'ಚೆಂಡು ತಗೊಂಡು ಅಪ್ಪಂಗೆ ಕೊಡು' ಕೂಡ ತಿಳಿಯತೊಡಗುತ್ತದೆ. ಅರ್ಥವಾಗುವುದು ಚೆನ್ನಾಗಿದ್ದು ಆಡುವುದು ಮಾತ್ರ ಹಿಂದಿರುವ ಮಗುವಿಗೂ ಎರಡೂ ಹಿಂದಿರುವ ಮಗುವಿಗೂ ಮುಂದಿನ ದಾರಿ ಬೇರೆ ಬೇರೆ. ನನ್ನ ಪ್ರಕಾರ ಇಡೀ ಅಸೆಸ್‌ಮೆಂಟ್‌ನಲ್ಲಿ ಹೆಚ್ಚು ತೂಕದ ಮಾಹಿತಿ ಇದೇ.

ಹೊಂಗೆನೆರಳು:

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ಧನ್ಯವಾದ. ಚಮಚದ ಪರೀಕ್ಷೆ ಮಾಡಿ ನೋಡಿದೆ. ಚೆಂಡು ಗೊತ್ತು, ಉಳಿದವೆರಡಕ್ಕೆ ನನ್ನ ಮುಖವನ್ನೇ ನೋಡುತ್ತಾ ನಿಂತ. ಇನ್ನೆರಡು ಅನುಮಾನ. ಒಂದು, ಫೋನಿನಲ್ಲಿ ಕೇಳಿ ಕೇಳಿ ಒಂದರಿಂದ ಹತ್ತು ಅರೆಬರೆ ಹೇಳುತ್ತಾನೆ, ಅದನ್ನು ಹತ್ತು ಪದ ಅಂತ ಸೇರಿಸಬಹುದಾ? ಎರಡು, ನಾಲಿಗೆ ಕೆಳಗಿನ ನರ ಬಿಗಿಯಾಗಿದೆ, ಕತ್ತರಿಸಿದರೆ ಮಾತು ಬರುತ್ತದೆ ಅಂತ ಸಂಬಂಧಿಕರು ಹೇಳುತ್ತಿದ್ದಾರೆ. ವರದಿಯಲ್ಲಿ ಏನು ನೋಡಬೇಕು ಅಂತಲೂ ಹೇಳಿ.

ತೊದಲ್ನುಡಿ:

ಹತ್ತು ಪದವಲ್ಲ. ಸಾಲಾಗಿ ಒಪ್ಪಿಸುವುದು ಒಂದು ಹಾಡು ಇದ್ದ ಹಾಗೆ. ಮೂರು ಬಿಸ್ಕತ್ತು ಕಂಡು 'ಮೂರು' ಅಂದರೆ ಆಗ ಪದ. ಆದರೆ ಇದನ್ನು ಥೆರಪಿಸ್ಟ್‌ಗೆ ಹೇಳಲೇಬೇಕು, ಯಾಕೆಂದರೆ ಬಾಯಿ ಆ ಸದ್ದುಗಳನ್ನು ಹೊರಡಿಸಬಲ್ಲದು ಅಂತ ಅದರಿಂದ ತಿಳಿಯುತ್ತದೆ. ಸಂಖ್ಯೆ ಹೇಳುತ್ತಾನೆ, ಆದರೆ ನೀರು ಬೇಕು ಅಂತ ಕೇಳುವುದಿಲ್ಲ ಅನ್ನುವ ಅಂತರ ಮುಖ್ಯ.

ನಾಲಿಗೆಯದು ನರವಲ್ಲ, ತೆಳು ಪೊರೆ. ಅದು ಬಿಗಿಯಾಗಿದ್ದರೆ ಹಾಲು ಕುಡಿಯುವಾಗ ತೊಂದರೆಯಾಗಬಹುದು, ಮುಂದೆ ಕೆಲವರಿಗೆ ಒಂದೆರಡು ಅಕ್ಷರದ ಉಚ್ಚಾರ ಸೊಟ್ಟವಾಗಬಹುದು. ಪದಗಳೇ ಬರದಿರುವುದಕ್ಕೆ, 'ಚಮಚ' ಅರ್ಥವಾಗದಿರುವುದಕ್ಕೆ ಅದು ಕಾರಣವಲ್ಲ. ಅಮ್ಮ, ಪಪ್ಪ, ಬಾ ಹೇಳುವುದಕ್ಕೆ ತುಟಿ ಸಾಕು, ನಾಲಿಗೆ ಮೇಲೇಳುವುದೇ ಬೇಡ. ಬಾಯೊಳಗೆ ಅವರೂ ನೋಡುತ್ತಾರೆ. ಅಸೆಸ್‌ಮೆಂಟ್‌ಗೆ ಮುಂಚೆ ಕತ್ತರಿ ಹಾಕಿಸಬೇಡಿ.

ಚಮಚ, ಚಪ್ಪಲಿಯ ಫಲಿತಾಂಶವನ್ನು ಹಾಗೇ ಬರೆದಿಟ್ಟುಕೊಳ್ಳಿ. ಒಂದೇ ಸಲದ್ದರಿಂದ ತೀರ್ಮಾನ ಬೇಡ, ದಿನಬಳಕೆಯ ಬೇರೆ ವಸ್ತುಗಳಲ್ಲೂ, ಮನೆಯ ಇನ್ನೊಂದು ಭಾಷೆಯಲ್ಲೂ ಕೇಳಿ ನೋಡಿ.

ವರದಿಯಲ್ಲಿ ಎರಡು ವಯಸ್ಸು, ಅಂದರೆ ಮಾತು ಎಷ್ಟು ತಿಂಗಳ ಮಗುವಿನ ಮಟ್ಟದಲ್ಲಿದೆ ಅನ್ನುವುದು, ಇರಬೇಕು: ಗ್ರಹಿಸುವ ಭಾಷೆಯದು, ಆಡುವ ಭಾಷೆಯದು. ಎರಡನ್ನೂ ಕೂಡಿಸಿ ಒಂದೇ ಅಂಕಿ ಕೊಟ್ಟಿದ್ದರೆ ಬಿಡಿಸಿ ಬರೆದುಕೊಡಿ ಅಂತ ಕೇಳಿ. ಆಡುವ ಭಾಷೆ 12-14 ತಿಂಗಳು ಅಂತ ಬಂದರೆ ಅದು ಬುದ್ಧಿಯ ಅಳತೆ ಅಲ್ಲ. 100 ಸರಾಸರಿ, 85ರಿಂದ 115 ಸಾಮಾನ್ಯ ಅನ್ನುವ ಥರದ ಅಂಕಗಳೂ ಕಾಣಬಹುದು. ಅವು ಬೇರೆ ಭಾಷೆಯ ಮಕ್ಕಳನ್ನು ಆಧರಿಸಿದ ಮಾಪನದಿಂದ ಬಂದದ್ದಾದರೆ ಅಂಕಿಗೆ ಜೋತುಬೀಳಬೇಡಿ, ವಿವರಣೆ ಓದಿ. ಯಾವ ಭಾಷೆಯಲ್ಲಿ ಪರೀಕ್ಷಿಸಿದರು, ಮಗು ಸಹಕರಿಸಿತಾ, ಎಷ್ಟು ನೋಡಿದ್ದು ಎಷ್ಟು ನೀವು ಹೇಳಿದ್ದು, ಇದೆಲ್ಲ ಬರೆದಿರಬೇಕು. ಮೂರು ವರ್ಷಕ್ಕೆ ಮುಂಚೆ ಅಪ್ರಾಕ್ಸಿಯಾ (ಮಾತಿಗೆ ಬೇಕಾದ ಬಾಯಿಯ ಚಲನೆಗಳನ್ನು ಮೆದುಳು ಹೊಂದಿಸಲಾಗದ ತೊಂದರೆ) ಅಂತ ಖಚಿತವಾಗಿ ಬರೆದಿದ್ದರೆ ಎರಡನೇ ಅಭಿಪ್ರಾಯ ತಗೊಳ್ಳಿ. ಅದನ್ನು ಗುರುತಿಸುವುದಕ್ಕೆ ಬೇಕಾಗುವಷ್ಟು ಮಾತೇ ಆ ವಯಸ್ಸಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಗುರಿಗಳು ಎಣಿಸುವ ಹಾಗಿರಬೇಕು. 'ಮಾತು ಸುಧಾರಿಸುವುದು' ಅಂತ ಬರೆದರೆ ಅದು ಗುರಿಯಲ್ಲ. 'ಮೂರು ತಿಂಗಳಲ್ಲಿ ಸನ್ನೆಯಿಲ್ಲದೆ ದಿನಬಳಕೆಯ 20 ವಸ್ತು ಗುರುತಿಸುವುದು' ಅಂದರೆ ಗುರಿ. ಬಾಗಿಲು ಹಾಕಿ ಮಗುವನ್ನು ಮಾತ್ರ ಒಳಗೆ ಕರೆದುಕೊಂಡು ಅರ್ಧ ಗಂಟೆ ಆದಮೇಲೆ ಕಳಿಸಿಕೊಡುವ ಥೆರಪಿ ಈ ವಯಸ್ಸಿಗೆ ನನಗೆ ಒಪ್ಪಿಗೆಯಿಲ್ಲ. ವಾರದ ಉಳಿದ ಹೊತ್ತೆಲ್ಲ ಮಗು ಇರುವುದು ನಿಮ್ಮ ಜೊತೆ, ಕಲಿಯಬೇಕಾದವರು ನೀವು.

ಅಪಾಯಿಂಟ್‌ಮೆಂಟ್ ತನಕ ಮನೆಯಲ್ಲಿ: 'ಇದೇನು?' ಅನ್ನುವ ಪ್ರಶ್ನೆ ಕಡಿಮೆ ಮಾಡಿ, ಅವನು ನೋಡುತ್ತಿರುವುದನ್ನೇ ಒಂದೆರಡು ಪದದಲ್ಲಿ ಹೇಳಿ. ಹೇಳಿದ ಮೇಲೆ ಮನಸ್ಸಿನಲ್ಲೇ ಐದರಿಂದ ಹತ್ತರ ತನಕ ಎಣಿಸುತ್ತಾ ಕಾಯಿರಿ. ಈ ಕಾಯುವುದು ಹೇಳಿದಷ್ಟು ಸುಲಭವಲ್ಲ. ಅವನು 'ಭೌ' ಅಂದರೆ ನೀವು 'ಭೌ ಓಡ್ತು' ಅನ್ನಿ. ಮತ್ತೆ ಹೇಳು ಅಂತ ಒತ್ತಾಯ ಬೇಡ.

ಕಿವಿಮಾತು:

ದಿನ ಗೊತ್ತು ಮಾಡುವಾಗ ಒಂದು ಗಮನಿಸಿ. ಬೆರಾ ಮತ್ತು ಸ್ಪೀಚ್ ಅಸೆಸ್‌ಮೆಂಟ್ ಒಂದೇ ದಿನ ಬೇಡ. ಬೆರಾಕ್ಕೆ ನಿದ್ದೆಗೆಟ್ಟ ಮಗು ಬೇಕು, ಸ್ಪೀಚ್‌ಗೆ ನಿದ್ದೆ ಆಗಿ ಹೊಟ್ಟೆ ತುಂಬಿದ ಮಗು. ಟಿಂಪನೊಮೆಟ್ರಿ, ಓಎಇ, ವಿಆರ್‌ಎ ಆದರೆ ಅದೇ ದಿನ ಮುಗಿಸಬಹುದು, ಆದರೆ ಕಿವಿಗೆ ತುದಿ ತುರುಕಿಸಿಕೊಂಡು ಅತ್ತ ಮೇಲೆ ಆಟಕ್ಕೆ ಮನಸ್ಸಿರುವುದಿಲ್ಲ, ಹಾಗಾಗಿ ಸ್ಪೀಚ್ ಮೊದಲು ಇರಲಿ. ಕಿವಿಯ ದಿನಾಂಕ ಸಿಗಲಿಲ್ಲ ಅಂತ ಸ್ಪೀಚ್ ದಿನಾಂಕ ಬಿಡಬೇಡಿ, ಯಾವುದು ಮೊದಲು ಸಿಕ್ಕರೂ ಹೋಗಿ. ಚಪ್ಪಟೆ ಗ್ರಾಫ್ ಬಂದರೆ ಸಾಮಾನ್ಯವಾಗಿ ಮೂರು ತಿಂಗಳು ನೋಡಿ ಮತ್ತೆ ಪರೀಕ್ಷಿಸುತ್ತಾರೆ, ನೀರು ಬಹಳ ಸಲ ತಾನಾಗಿಯೇ ಇಳಿಯುತ್ತದೆ. ಆ ಮೂರು ತಿಂಗಳೂ ಥೆರಪಿ ನಿಲ್ಲಿಸುವುದು ಬೇಡ. ಮಾತಾಡಿಸುವಾಗ ಹತ್ತಿರ ಹೋಗಿ, ಎದುರಿಗೆ ಕೂತು, ಟಿವಿ ಆರಿಸಿ ಮಾತಾಡಿಸಿ.